ಹಸುಳೆಯ ಹೃದಯ ಶಸ್ತ್ರಚಿಕಿತ್ಸೆ: ಎಷ್ಟು ರಕ್ತ, ಯಾರ ರಕ್ತ?

ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯಲ್ಲಿ ಮರವಂತೆಯ ಕಡಲತೀರ ದಾಟಿದರೆ ನಾವುಂದ ಸಿಗುತ್ತದೆ. ಇಂತಹ ಊರಿನ ನವಜಾತ ಶಿಶುವಿನ ಹೃದಯದಲ್ಲಿ ದೋಷವಿದೆಯೆಂದು ತಿಳಿದಾಗ ಮನೆಯವರು ಮಣಿಪಾಲಕ್ಕೋ ಬೆಂಗಳೂರಿಗೋ ಧಾವಿಸುತ್ತಾರೆ. ಶಸ್ತ್ರಚಿಕಿತ್ಸೆಗೆ ರಕ್ತ ಬೇಕೆಂದೊಡನೆ ತಂದೆ ತನ್ನ ತೋಳನ್ನು ಮುಂದೊಡ್ಡುವುದು ಸಹಜ. ಆದರೆ ಎಷ್ಟು ರಕ್ತ, ಯಾರ ರಕ್ತ ಎಂಬುದನ್ನು ನಾವೆಲ್ಲರೂ ಅರಿತಿರಬೇಕು.

ಸಾವಿರ ಶಿಶುಗಳಲ್ಲಿ ಸುಮಾರು 8ರಿಂದ 9 ಶಿಶುಗಳಿಗೆ ಹುಟ್ಟಿನಿಂದಲೇ ಹೃದಯದೋಷವಿರುತ್ತದೆ. ಅವರಲ್ಲಿ ಕೆಲವರಿಗೆ ಮೊದಲ ತಿಂಗಳಲ್ಲೇ ಶಸ್ತ್ರಚಿಕಿತ್ಸೆ ಅನಿವಾರ್ಯ. 3 ಕಿಲೋ ತೂಕದ ಶಿಶುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 250 ಮಿಲಿಲೀಟರ್, ಅಂದರೆ ಒಂದು ದೊಡ್ಡ ಲೋಟದಷ್ಟು. ಹೃದಯವನ್ನು ನಿಲ್ಲಿಸಿ ದುರಸ್ತಿ ಮಾಡುವಾಗ ಅದರ ಕೆಲಸವನ್ನು ಹೃದಯ-ಶ್ವಾಸಕೋಶ ಯಂತ್ರವು ನಿರ್ವಹಿಸುತ್ತದೆ. ಯಂತ್ರದ ಕೊಳವೆಗಳನ್ನು ಮೊದಲೇ ದ್ರವದಿಂದ ತುಂಬಿಸಬೇಕು. ಆ ದ್ರವವೂ 250 ಮಿಲಿಲೀಟರ್ ಇದ್ದರೆ ಮಗುವಿನ ರಕ್ತ ಅರ್ಧಕ್ಕರ್ಧ ತೆಳುವಾಗುತ್ತದೆ. ಆದ್ದರಿಂದಲೇ ದಾನಿಯ ರಕ್ತವನ್ನು ಬೆರೆಸಬೇಕಾಗುತ್ತದೆ.

ದಾನಿಯ ರಕ್ತ ಪ್ರಾಣವನ್ನುಳಿಸುತ್ತದೆ. ಆದರೂ ಅಗತ್ಯಕ್ಕಿಂತ ಹೆಚ್ಚಾದರೆ ಎಳೆಯ ಶ್ವಾಸಕೋಶಕ್ಕೆ ಹೊರೆಯಾಗಬಹುದು, ಉರಿಯೂತ ಹೆಚ್ಚಬಹುದು. ಆದ್ದರಿಂದ ವೈದ್ಯರು ಅದನ್ನು ಮಿತಗೊಳಿಸಲು ಯತ್ನಿಸುತ್ತಾರೆ. ಯಂತ್ರವನ್ನು ಮಗುವಿನ ಸಮೀಪಕ್ಕೆ ತಂದು ಗಿಡ್ಡವೂ ಸಪೂರವೂ ಆದ ಕೊಳವೆಗಳನ್ನು ಬಳಸುವುದರಿಂದ ತುಂಬಿಸುವ ದ್ರವ ಕಡಿಮೆಯಾಗುತ್ತದೆ. ಚಿಕಿತ್ಸೆಯ ಕೊನೆಯಲ್ಲಿ ಹೆಚ್ಚುವರಿ ನೀರನ್ನು ಸೋಸಿ ತೆಗೆದು ರಕ್ತವನ್ನು ಮತ್ತೆ ಗಟ್ಟಿಗೊಳಿಸುವ ಕ್ರಮವೊಂದಿದೆ. 1990ರ ದಶಕದ ಆರಂಭದಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ ಅದು ರೂಪುಗೊಂಡಿತು. ಟ್ರಾನೆಕ್ಸಾಮಿಕ್ ಆಮ್ಲವೆಂಬ ಔಷಧಿ ರಕ್ತಸ್ರಾವವನ್ನು ತಗ್ಗಿಸುತ್ತದೆ. ಪರೀಕ್ಷೆಗೆಂದು ತೆಗೆಯುವ ರಕ್ತದಲ್ಲಿಯೂ ಹನಿಹನಿಯ ಲೆಕ್ಕವಿಡುತ್ತಾರೆ.

ಇಷ್ಟೆಲ್ಲ ಮಾಡಿದರೂ ನವಜಾತ ಶಿಶುಗಳಿಗೆ ಹಲವು ವೇಳೆ ರಕ್ತ ಬೇಕೇ ಆಗುತ್ತದೆ. ತಗ್ಗಿಸುವುದೆಂದರೆ ನಿರಾಕರಿಸುವುದಲ್ಲ. ವೈದ್ಯರು ಅಗತ್ಯವೆಂದಾಗ ಪಾಲಕರು ಹಿಂಜರಿಯಬಾರದು.

ಇನ್ನು ಯಾರ ರಕ್ತ ಎಂಬ ಮಾತು. ತಂದೆ, ತಾಯಿ, ಸೋದರಮಾವನ ರಕ್ತವೇ ಮಗುವಿಗೆ ಶ್ರೇಷ್ಠವೆಂಬ ನಂಬಿಕೆ ನಮ್ಮಲ್ಲಿದೆ. ವಿಜ್ಞಾನ ಬೇರೆಯದನ್ನೇ ಹೇಳುತ್ತದೆ. ಹತ್ತಿರದ ಬಂಧುಗಳ ರಕ್ತದಲ್ಲಿರುವ ಕೆಲವು ಬಿಳಿ ಕಣಗಳು ಪರಕೀಯವೆಂದು ಮಗುವಿನ ದೇಹ ಗುರುತಿಸದೆ ಹೋಗಬಹುದು. ಆಗ ಅವು ವೃದ್ಧಿಯಾಗಿ ಮಗುವಿನ ದೇಹದ ಮೇಲೆಯೇ ದಾಳಿ ಮಾಡುತ್ತವೆ. ಇದು ವಿರಳ, ಆದರೆ ಬಹುತೇಕ ಮಾರಣಾಂತಿಕ. ಆದ್ದರಿಂದ ಅಂತಹ ರಕ್ತವನ್ನು ವಿಕಿರಣಕ್ಕೊಡ್ಡಿದ ಬಳಿಕವೇ ನೀಡಬೇಕು. ಬಂಧುಗಳು ದಾನ ಮಾಡುವಾಗ ತಮ್ಮ ಸಂಬಂಧವನ್ನು ರಕ್ತನಿಧಿಯವರಿಗೆ ತಪ್ಪದೆ ತಿಳಿಸಬೇಕು.

ಹಾಗಾದರೆ ತಂದೆಯ ರಕ್ತ ವ್ಯರ್ಥವೇ? ಅಲ್ಲ. ಅದು ಇನ್ನೊಬ್ಬರ ಮಗುವಿಗೆ ಸಲ್ಲಲಿ, ಅಪರಿಚಿತ ದಾನಿಯೊಬ್ಬರ ರಕ್ತ ಈ ಮಗುವಿಗೆ ಬರಲಿ. 18ರಿಂದ 65 ವರ್ಷದೊಳಗಿನ, 45 ಕಿಲೋಗಿಂತ ಹೆಚ್ಚು ತೂಕದ ಆರೋಗ್ಯವಂತರು ರಕ್ತ ನೀಡಬಹುದು. ಪುರುಷರು 3 ತಿಂಗಳಿಗೊಮ್ಮೆ, ಮಹಿಳೆಯರು 4 ತಿಂಗಳಿಗೊಮ್ಮೆ. ಯಾರಿಗೆಂದು ಕೇಳದೆ ನೀಡುವುದೇ ದಾಸೋಹ. ಸದ್ಭಕ್ತರು ಆಪತ್ತು ಬರುವವರೆಗೆ ಕಾಯದೆ, ಸಮೀಪದ ರಕ್ತನಿಧಿಗೆ ಇಂದೇ ರಕ್ತ ನೀಡಲೆಂದು ಆಶಿಸುತ್ತೇವೆ.