ಕಛೇರಿ ಕೇಳುವ ಕಿವಿ

ಮೋಹನ ಮತ್ತು ಹಂಸಧ್ವನಿ ರಾಗಗಳ ನಡುವೆ ಇರುವುದು ಒಂದೇ ಸ್ವರದ ವ್ಯತ್ಯಾಸ. ಷಡ್ಜ, ಚತುಶ್ರುತಿ ರಿಷಭ, ಅಂತರ ಗಾಂಧಾರ, ಪಂಚಮ ಎರಡರಲ್ಲೂ ಇವೆ. ಐದನೆಯದಾಗಿ ಮೋಹನದಲ್ಲಿ ಚತುಶ್ರುತಿ ಧೈವತ ಬಂದರೆ, ಹಂಸಧ್ವನಿಯಲ್ಲಿ ಕಾಕಲಿ ನಿಷಾದ. ಹೆಸರುಗಳು ಬಾಯಿಗೆ ಕಷ್ಟವಾದರೂ ಕಿವಿಗೆ ಹೊರೆಯಲ್ಲ. ಪುರಂದರದಾಸರ ‘ಗಜವದನ ಬೇಡುವೆ’ ಹಂಸಧ್ವನಿಯಲ್ಲಿ ಪ್ರಚಲಿತವಾಗಿದೆ. ದೀಕ್ಷಿತರ ‘ವಾತಾಪಿ ಗಣಪತಿಂ’ ಕೂಡ ಅದೇ ರಾಗ. ಗಣೇಶನ ಪೆಂಡಾಲಿನ ಪಕ್ಕದಲ್ಲಿ ಬೆಳೆದವರ ಕಿವಿಗೆ ಹಂಸಧ್ವನಿ ಆಗಲೇ ಬಿದ್ದಿರುತ್ತದೆ. ಹೆಸರು ಗೊತ್ತಿರುವುದಿಲ್ಲ, ಅಷ್ಟೆ. ಹಿಂದೂಸ್ತಾನಿಯ ಭೂಪ್ ಕೇಳಿದವರಿಗೆ ಮೋಹನವೂ ಹೀಗೆಯೇ ಹಳೆಯ ಪರಿಚಯ.

ಹೊಸ ಕೇಳುಗ ಇಲ್ಲಿಂದ ಹೊರಡುವುದು ಮೇಲು. 72 ಮೇಳಕರ್ತ ರಾಗಗಳ ಕೋಷ್ಟಕ ಹಿಡಿದು ಕುಳಿತವರು ಸಾಮಾನ್ಯವಾಗಿ ಕೋಷ್ಟಕದಲ್ಲೇ ಉಳಿದುಬಿಡುತ್ತಾರೆ. ಒಂದೇ ರಾಗವನ್ನು ಹತ್ತು ಜನರಿಂದ ಕೇಳಿದಾಗ ಪದೇ ಪದೇ ಬರುವ ತಿರುವುಗಳು ತಾವಾಗಿ ಮನಸ್ಸಿನಲ್ಲಿ ನಿಲ್ಲುತ್ತವೆ. ಸ್ವರ ಗುರುತಿಸಿದ ಮಾತ್ರಕ್ಕೆ ರಾಗ ಸಿಕ್ಕಿತೆನ್ನುವಂತೆಯೂ ಇಲ್ಲ. ಆರಭಿ ಮತ್ತು ದೇವಗಾಂಧಾರಿಗಳ ಆರೋಹಣ, ಅವರೋಹಣ ಒಂದೇ. ಆರಭಿ ಚುರುಕಾಗಿ, ನೇರವಾಗಿ ನಡೆಯುತ್ತದೆ. ದೇವಗಾಂಧಾರಿ ಸ್ವರಗಳನ್ನು ತೂಗುತ್ತ, ಎಳೆಯುತ್ತ ನಿಧಾನವಾಗಿ ಸಾಗುತ್ತದೆ. ಗಮಕವೆಂದರೇನು ಎಂಬುದನ್ನು ಈ ಜೋಡಿ ಯಾವ ವಿವರಣೆಗಿಂತಲೂ ಚೆನ್ನಾಗಿ ತಿಳಿಸುತ್ತದೆ.

ಇಂದಿನ ಕಛೇರಿಯ ಕ್ರಮವನ್ನು ರೂಢಿಗೆ ತಂದವರು ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ (1890–1967). ವರ್ಣದಿಂದ ಆರಂಭ. ಅಂಥ ಒಂದು ವರ್ಣ, ಮೋಹನದ ‘ನಿನ್ನುಕೋರಿ’ಯನ್ನು ರಚಿಸಿದವರು ಅವರ ಗುರು ಪೂಚಿ ಶ್ರೀನಿವಾಸ ಅಯ್ಯಂಗಾರ್. ಒಂದೆರಡು ಚಿಕ್ಕ ಕೃತಿಗಳ ನಂತರ ಆಲಾಪನೆ ಬರುತ್ತದೆ. ಅದರಲ್ಲಿ ಸಾಹಿತ್ಯವೂ ಇಲ್ಲ, ತಾಳವೂ ಇಲ್ಲ. ಹಾಡುವವರು ರಾಗವನ್ನು ಅಲ್ಲೇ ಕಟ್ಟುತ್ತಾರೆ. ಅದನ್ನೇ ಪಿಟೀಲು ತನ್ನ ಸರದಿಯಲ್ಲಿ ಮತ್ತೆ ಕಟ್ಟುವುದರಿಂದ ಮೊದಲ ಬಾರಿ ತಪ್ಪಿಹೋದದ್ದು ಎರಡನೆಯ ಬಾರಿ ಸಿಗುತ್ತದೆ. ಮುಖ್ಯ ಕೃತಿಯಲ್ಲಿ ಒಂದೇ ಸಾಲನ್ನು ಹತ್ತಾರು ಬಗೆಯಲ್ಲಿ ಬಿಡಿಸುವುದು ನೆರವಲ್. ಆಮೇಲಿನ ಕಲ್ಪನಾಸ್ವರದಲ್ಲಿ ಸರಿಗಮಗಳು ಎಲ್ಲೆಲ್ಲೋ ಸುತ್ತಿ ಸಾಲಿನ ಎಡುಪಿಗೆ, ಅಂದರೆ ಸಾಲನ್ನು ಎತ್ತಿಕೊಳ್ಳುವ ಜಾಗಕ್ಕೆ, ಸರಿಯಾಗಿ ಬಂದು ಸೇರುತ್ತವೆ. ಪಕ್ಕದವರು ತಲೆದೂಗಿ ‘ಭಲೆ’ ಎನ್ನುವುದು ಅಲ್ಲೇ.

ಈ ಸೇರುವಿಕೆ ಗೊತ್ತಾಗಬೇಕಾದರೆ ಕೈ ತಾಳ ಹಾಕುತ್ತಿರಬೇಕು. ಆದಿತಾಳಕ್ಕೆ ಎಂಟು ಅಕ್ಷರ: ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಮತ್ತೆ ಪೆಟ್ಟು-ಹುಸಿ, ಪೆಟ್ಟು-ಹುಸಿ. ಇಷ್ಟು ಬಂದರೆ ಕಛೇರಿಯ ದೊಡ್ಡ ಪಾಲು ಕೈಗೆ ಸಿಕ್ಕಂತೆ. ಮಿಶ್ರ ಛಾಪು ಏಳು, ಖಂಡ ಛಾಪು ಐದು. ಮೃದಂಗ, ಘಟ, ಖಂಜಿರಗಳ ತನಿ ಆವರ್ತನ ಶುರುವಾದೊಡನೆ ಸಭಾಂಗಣದ ಅರ್ಧ ಜನ ಕಾಫಿಗೆ ಏಳುತ್ತಾರೆ. ಲೆಕ್ಕ ಹಿಡಿಯಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ ಎಂಬುದು ಬೇರೆ ಮಾತು. ಮಾಯಾಮಾಳವಗೌಳದ ಸರಳೆ, ಜಂಟಿ ವರಸೆಗಳನ್ನು ಬಾಲ್ಯದಲ್ಲಿ ಕಲಿತು ಬಿಟ್ಟವರಿಗೂ ಈ ಲೆಕ್ಕ ಬೇಗ ಮರಳಿ ಬರುತ್ತದೆ.

ಧ್ವನಿಮುದ್ರಣಗಳು ಮೊಬೈಲಿನಲ್ಲೇ ಸಿಗುತ್ತವೆ. ಆದರೂ ಎದುರು ಕುಳಿತು ಕೇಳುವುದಕ್ಕೆ ಅವು ಸಾಟಿಯಲ್ಲ. ಹಾಗೆ ಕೇಳಲು ಅವಕಾಶವೂ ಇದೆ: ಬೆಂಗಳೂರಿನ ಗಾಯನ ಸಮಾಜ 1905ರಿಂದಲೂ, ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ 1939ರಿಂದಲೂ ನಡೆದು ಬಂದಿವೆ.

ಕಛೇರಿಯ ಕ್ರಮಕ್ಕೆ ಮರಳಿದರೆ, ತನಿಯ ನಂತರ ದೇವರನಾಮ, ಜಾವಳಿ, ತಿಲ್ಲಾನಗಳು. ಎಲ್ಲಕ್ಕೂ ಕೊನೆಗೆ ಮಂಗಳ. ಅದರ ರಾಗ ಸಾಮಾನ್ಯವಾಗಿ ಸೌರಾಷ್ಟ್ರ. ಹೆಚ್ಚುಕಡಿಮೆ ಪ್ರತಿ ಕಛೇರಿಯಲ್ಲೂ ಕಿವಿಗೆ ಬೀಳುವ ಈ ರಾಗವನ್ನು ಬಹಳ ಮಂದಿ ಕೇಳುವುದು ಚಪ್ಪಲಿ ಹುಡುಕುತ್ತ.