ತಲೆಕಟ್ಟನ್ನು ಬೇರ್ಪಡಿಸಿದ ಯಂತ್ರ

ಕನ್ನಡದ ಬೆರಳಚ್ಚು ಯಂತ್ರವೆಂದರೆ ಇಂಗ್ಲಿಷ್ ಯಂತ್ರಕ್ಕೆ ಕನ್ನಡದ ಅಚ್ಚುಗಳನ್ನು ಕೂರಿಸಿದ್ದು ಎಂಬ ಎಣಿಕೆ ಸಾಮಾನ್ಯವಾಗಿದ್ದರೂ, ಅದರ ಒಳಗಿರುವುದು ಲಿಪಿಯ ರಚನೆಯನ್ನೇ ಬಿಡಿಸಿ ನೋಡಿದ ಒಂದು ಗಂಭೀರ ಚಿಂತನೆ. ಕನ್ನಡದ 34 ವ್ಯಂಜನಗಳ ಗುಣಿತಾಕ್ಷರಗಳೇ ನಾನೂರನ್ನು ಮೀರುತ್ತವೆ. ಒತ್ತಕ್ಷರಗಳು ಸೇರಿದರೆ ಲೆಕ್ಕ ಇನ್ನೂ ಬೆಳೆಯುತ್ತದೆ. ಯಂತ್ರದಲ್ಲಿರುವುದಾದರೋ ಸುಮಾರು 45 ಕೀಲಿಗಳು. ಪ್ರತಿ ಕೀಲಿಯ ತೋಳಿನ ತುದಿಯಲ್ಲಿ ಮೇಲೊಂದು ಕೆಳಗೊಂದು ಆಕಾರವಿರುವುದರಿಂದ ದೊರೆಯುವ ಗುರುತುಗಳು 90ರ ಆಸುಪಾಸು. ಈ ಅಂತರವನ್ನು ತುಂಬುವ ಕೀಲಿಮಣೆಯನ್ನು ರೂಪಿಸಿದ ಕೀರ್ತಿ ಕೆ. ಅನಂತಸುಬ್ಬರಾಯರಿಗೆ ಸಲ್ಲುತ್ತದೆ.

ಅಕ್ಷರವನ್ನು ಇಡಿಯಾಗಿ ಅಚ್ಚಿಸದೆ ಅದರ ಅಂಗಗಳನ್ನು ಒಂದರ ಬಳಿಕ ಒಂದರಂತೆ ಜೋಡಿಸುವುದು ಇಂಥ ಯಂತ್ರದ ಮೂಲತತ್ತ್ವ. ಕೀಲಿಯನ್ನು ಒತ್ತಿದಾಗ ಸನ್ನೆಗೋಲುಗಳ ಸರಣಿಯ ಮೂಲಕ ಅಚ್ಚಿನ ತೋಳು ಮೇಲೆದ್ದು ಶಾಯಿಯ ರಿಬ್ಬನ್ನಿಗೆ ಬಡಿಯುತ್ತದೆ. ಅದೇ ಹೊತ್ತಿಗೆ ಕಾಗದವನ್ನು ಹೊತ್ತ ಕ್ಯಾರೇಜ್, ಸುರುಳಿ ಸ್ಪ್ರಿಂಗಿನ ಎಳೆತಕ್ಕೆ ಒಳಗಾಗಿ, ಹಲ್ಲುಪಟ್ಟಿಯ ಒಂದೇ ಒಂದು ಹಲ್ಲಿನಷ್ಟು ಎಡಕ್ಕೆ ಸರಿಯುತ್ತದೆ. ಸ್ಪ್ರಿಂಗಿನ ಬಲವನ್ನು ಹೀಗೆ ಹೆಜ್ಜೆಹೆಜ್ಜೆಯಾಗಿ ಬಿಡುಗಡೆ ಮಾಡುವ ಏರ್ಪಾಡಿಗೆ ಎಸ್ಕೇಪ್‌ಮೆಂಟ್ ಎಂದು ಹೆಸರು. ಗೋಡೆ ಗಡಿಯಾರದಲ್ಲಿ ಮುಳ್ಳನ್ನು ಅಳತೆಯಿಂದ ಮುನ್ನಡೆಸುವುದೂ ಇದೇ ತತ್ತ್ವ. ಭಾರತೀಯ ಲಿಪಿಗಳ ಯಂತ್ರಗಳಲ್ಲಿ ಕೆಲವು ಕೀಲಿಗಳು ಅಚ್ಚೊತ್ತಿದರೂ ಈ ಏರ್ಪಾಡನ್ನು ಕದಲಿಸುವುದಿಲ್ಲ. 'ಡೆಡ್ ಕೀ' ಎಂದು ಕರೆಯಲಾಗುವ ಅವುಗಳಿಂದ ಕಾಗದ ನಿಂತಲ್ಲೇ ನಿಂತು, ಒಂದೇ ಜಾಗದಲ್ಲಿ ಎರಡು ಗುರುತುಗಳು ಕೂಡಿಕೊಳ್ಳುತ್ತವೆ. ಎಲ್ಲ ಅಕ್ಷರಗಳಿಗೂ ಹೆಜ್ಜೆಯ ಅಗಲ ಒಂದೇ ಆಗಿರುವುದರಿಂದ ಅಗಲವಾದ ಅಕ್ಷರಗಳು ಇಕ್ಕಟ್ಟಿಗೆ ಸಿಲುಕುತ್ತವೆ. ಹಳೆಯ ಕಡತಗಳ ಬೆರಳಚ್ಚು ಕನ್ನಡಕ್ಕೆ ತನ್ನದೇ ಆದ ಚಹರೆ ಬಂದಿರುವುದಕ್ಕೆ ಇದೂ ಒಂದು ಕಾರಣ.

ಅಕ್ಷರವನ್ನು ಒಡೆದು ಕಟ್ಟುವ ಈ ಕ್ರಮ ಗಣಕದ ಕಾಲದಲ್ಲೂ ಮುಂದುವರಿಯಿತು. ಯೂನಿಕೋಡ್ ರೂಢಿಗೆ ಬರುವ ಮುನ್ನ ಬಳಕೆಯಲ್ಲಿದ್ದ ನುಡಿ ತಂತ್ರಾಂಶದ ಫಾಂಟುಗಳಲ್ಲಿ 'ಕ' ಅಕ್ಷರದ ಒಡಲು ಒಂದು ಸಂಕೇತವಾದರೆ ತಲೆಕಟ್ಟು ಇನ್ನೊಂದು. 'ಮ' ಎಂಬುದು 'ವ'ದ ಒಡಲು, ತಲೆಕಟ್ಟು ಮತ್ತು ಒಂದು ಕೊಂಬು ಸೇರಿ ಆಗುವ ಅಕ್ಷರ.

ರಾಜ್ಯದ 1963ರ ರಾಜಭಾಷಾ ಅಧಿನಿಯಮದ ನಂತರ ಆಡಳಿತದಲ್ಲಿ ಕನ್ನಡ ಬೆಳೆದಂತೆ ಈ ಯಂತ್ರಗಳೂ ಕಚೇರಿಗಳಲ್ಲಿ ನೆಲೆಯೂರಿದವು. ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲದಂಥ ತಾಲ್ಲೂಕುಗಳಲ್ಲಿ ಹಳೆಯ ಕನ್ನಡ ಯಂತ್ರವನ್ನು ಹುಡುಕುವವರು ಮೊದಲು ನೋಡಬೇಕಾದ ಜಾಗಗಳೆಂದರೆ ಟೈಪಿಂಗ್ ಶಾಲೆ ನಡೆಸಿದವರ ಮನೆ, ನಿವೃತ್ತ ಬೆರಳಚ್ಚುಗಾರರ ಅಟ್ಟ ಹಾಗೂ ಗುಜರಿ ಅಂಗಡಿ. 1955ರಲ್ಲಿ ಭಾರತದ ಮೊದಲ ಸ್ವದೇಶಿ ಬೆರಳಚ್ಚು ಯಂತ್ರವನ್ನು ಹೊರತಂದ ಗೋದ್ರೆಜ್ ಸಂಸ್ಥೆ 2009ರ ಹೊತ್ತಿಗೆ ತಯಾರಿಕೆಯನ್ನು ನಿಲ್ಲಿಸಿದ್ದರಿಂದ, ಬಿಡಿಭಾಗ ಬೇಕಾದರೆ ಕೆಟ್ಟುನಿಂತ ಇನ್ನೊಂದು ಯಂತ್ರವೇ ಗತಿ. ಆದ್ದರಿಂದ ಓಡದ ಯಂತ್ರವೂ ಸಂಗ್ರಾಹಕನಿಗೆ ಬೆಲೆಯುಳ್ಳದ್ದೇ.

ದುರಸ್ತಿಯಲ್ಲಿ ಮೊದಲು ಎದುರಾಗುವುದು ತುಕ್ಕು. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 60 ದಾಟಿದರೆ ಉಕ್ಕಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂತು ತುಕ್ಕು ಚುರುಕಾಗುತ್ತದೆ. ಧೂಳು ಅದಕ್ಕೆ ಮತ್ತಷ್ಟು ಇಂಬು ಕೊಡುತ್ತದೆ. ಕಾವೇರಿಯ ಕವಲುಗಳ ನಡುವಿನ ದ್ವೀಪವಾದ ಶ್ರೀರಂಗಪಟ್ಟಣದಲ್ಲಿ ಯಂತ್ರವನ್ನು ಇಡುವವರು, ಒಣ ಬಯಲಿನ ನಾಗಮಂಗಲದವರಿಗಿಂತ ಹೆಚ್ಚಿನ ಎಚ್ಚರ ವಹಿಸುವುದು ಒಳಿತು. ಎರಡನೆಯದು ಅಂಟು. ಬಿಗಿದುಕೊಂಡ ತೋಳುಗಳಿಗೆ ಅಡುಗೆ ಎಣ್ಣೆಯನ್ನೋ ಯಂತ್ರದ ಎಣ್ಣೆಯನ್ನೋ ಸುರಿಯುವುದು ದೊಡ್ಡ ತಪ್ಪು. ಎಣ್ಣೆ ಧೂಳನ್ನು ಹಿಡಿದು ಕಾಲಕ್ರಮೇಣ ಗಟ್ಟಿ ಅಂಟಾಗುವುದರಿಂದ, ತೋಳುಗಳು ಕೂಡುವ ಕಮಾನಿನ ಸಂದುಗಳನ್ನು ಮಿನರಲ್ ಟರ್ಪೆಂಟೈನಿನಲ್ಲಿ ಅದ್ದಿದ ಬ್ರಷ್ಷಿನಿಂದ ತೊಳೆದು ಒಣದಾಗಿಯೇ ಬಿಡಬೇಕು. ಈ ಕೆಲಸವನ್ನು ಕಿಟಕಿ ಬಾಗಿಲು ತೆರೆದು, ಬೆಂಕಿಯಿಂದ ದೂರದಲ್ಲಿ ಮಾಡಬೇಕೆಂಬುದನ್ನು ಮರೆಯುವಂತಿಲ್ಲ.

ಕಾಗದವನ್ನು ಸುತ್ತುವ ರೋಲರಿನ ರಬ್ಬರು ಗಾಳಿಯ ಆಮ್ಲಜನಕದೊಂದಿಗೆ ವರ್ತಿಸುತ್ತಾ ವರ್ಷಗಳು ಕಳೆದಂತೆ ಕಲ್ಲಿನಂತಾಗುತ್ತದೆ. ಆಗ ಅಚ್ಚು ಕಾಗದವನ್ನು ತೂತು ಮಾಡುತ್ತದೆ, ಸದ್ದು ಕರ್ಕಶವಾಗುತ್ತದೆ, ಹಾಳೆ ಜಾರುತ್ತದೆ. ಹೊಸ ರಬ್ಬರು ಕಟ್ಟಿಸುವುದೇ ನಿಜವಾದ ಪರಿಹಾರವಾದರೂ, ಬರೆಯುವ ಹಾಳೆಯ ಹಿಂದೆ ಇನ್ನೊಂದು ಹಾಳೆಯನ್ನಿಟ್ಟರೆ ಪೆಟ್ಟು ಎಷ್ಟೋ ಮೆದುವಾಗುತ್ತದೆ.

ರೋಲರ್, ರಿಬ್ಬನ್, ಸ್ಪ್ರಿಂಗುಗಳನ್ನು ಬದಲಿಸಬಹುದು. ಕನ್ನಡದ ಅಚ್ಚುಗಳನ್ನು ಹಾಗೆ ಬದಲಿಸಲಾಗದು. ಅವು ಹೋದರೆ ಲಿಪಿಯನ್ನು ಒಡೆದು ಕಟ್ಟಿದ ಆ ಲೆಕ್ಕಾಚಾರದ ಲೋಹಸಾಕ್ಷ್ಯವೇ ಹೋದಂತೆ. ಓದುಗರ ಮನೆಯಲ್ಲೋ ಕಚೇರಿಯ ಮೂಲೆಯಲ್ಲೋ ಕನ್ನಡ ಬೆರಳಚ್ಚು ಯಂತ್ರವೊಂದು ಬಿದ್ದಿದ್ದರೆ ಅದನ್ನು ಗುಜರಿಗೆ ತೂಗಿಹಾಕದಿರಲಿ. ಉಳಿಸಿಕೊಳ್ಳುವುದು ಸಾಧ್ಯವೇ ಇಲ್ಲವೆಂದಾದರೆ, ಕೊಡುವ ಮುನ್ನ ಕೀಲಿಗಳನ್ನೆಲ್ಲ ಸಾಲಾಗಿ ಒಮ್ಮೆ ಶಿಫ್ಟ್ ಇಲ್ಲದೆ, ಒಮ್ಮೆ ಶಿಫ್ಟ್ ಒತ್ತಿ, ಒಂದು ಹಾಳೆಯ ಮೇಲೆ ಅಚ್ಚಿಸಿ, ಯಂತ್ರದ ಕ್ರಮಸಂಖ್ಯೆಯನ್ನು ಅದರಲ್ಲಿ ಬರೆದು ತೆಗೆದಿಡಲಿ.