ಲಗ್ನಪತ್ರಿಕೆಗೆ ತೆಳು ಕೈಬರಹ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಲಗ್ನಪತ್ರಿಕೆ ಮಾಡಿಸ್ತಿದ್ದೀರಾ? ಫಾಂಟ್ ಆರಿಸೋ ಮುಂಚೆ ಇದನ್ನ ಕೇಳಿ.

ಕೈಯಲ್ಲೇ ಬರೆದಂಗೆ ಕಾಣೋ ತೆಳು ಫಾಂಟು ಹೆಣ್ಣು-ಗಂಡಿನ ಹೆಸರಿಗೆ ಬಲು ಚೆಂದ. ತಲೆಕಟ್ಟು ಕೊಂಚ ಬಾಗಿರುತ್ತೆ, ಕೊಂಬಿನ ತುದಿ ನಯವಾಗಿ ಎಳೆದಿರುತ್ತೆ. ಆ ಬಳುಕಿಗೆ ಜಾಗ ಬೇಕು. ‘ಲಕ್ಷ್ಮಿ’ ಅಂತ ಟೈಪ್ ಮಾಡಿ ನೋಡಿ. ಒತ್ತಕ್ಷರ ಕೆಳಗಿಳಿಯುತ್ತೆ, ಸಾಲುಗಳ ನಡುವೆ ಅಂತರ ಕಮ್ಮಿಯಾದರೆ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. ಕನ್ನಡದ ಕೈಬರಹ ಫಾಂಟು ಕೆಡೋದು ಹೆಚ್ಚಾಗಿ ಇಲ್ಲೇ.

ಹೆಸರಿಗಷ್ಟೇ ಬಳಸಿ. ಮುಹೂರ್ತ, ಛತ್ರದ ವಿಳಾಸ ದಪ್ಪ ಅಕ್ಷರದಲ್ಲಿರಲಿ, ಅಜ್ಜಿ-ತಾತ ಓದಬೇಕಲ್ಲ! ಚಿನ್ನದ ಬಣ್ಣದ ಅಚ್ಚಿನಲ್ಲಿ ತೆಳು ಗೆರೆ ಮುರಿದು ಕಾಣಬಹುದು. ಹೈವೇ ಪಕ್ಕದ ಫ್ಲೆಕ್ಸಿಗಂತೂ ಬೇಡವೇ ಬೇಡ.

ಇನ್ನೊಂದು ಮಾತು. ನುಡಿ, ಬರಹ ಸಾಫ್ಟ್‌ವೇರ್‌ಗಳ ಹಳೇ ಫಾಂಟುಗಳು ಯೂನಿಕೋಡ್ ಅಲ್ಲ. ಅವುಗಳಲ್ಲಿ ಟೈಪ್ ಮಾಡಿದ್ದನ್ನ ವಾಟ್ಸಾಪ್‌ಗೆ ಹಾಕಿದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಯೂನಿಕೋಡ್‌ನಲ್ಲೇ ಬೇಕಾ? ಗೂಗಲ್ ಫಾಂಟ್ಸ್‌ನಲ್ಲಿ ‘ಅಕಾಯ ಕನಡಕ’ ಉಚಿತವಾಗಿ ಸಿಗುತ್ತೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ್ದು. ಅಷ್ಟು ತೆಳುವಲ್ಲ, ಆದರೆ ಅದರ ಬಳುಕು ನನಗೆ ತುಂಬಾ ಇಷ್ಟ.

ಅಚ್ಚಿಗೆ ಕೊಡೋ ಮುಂಚೆ ಪತ್ರಿಕೆಯ ಅಳತೆಯಲ್ಲೇ ಒಂದು ಪ್ರಿಂಟ್ ತೆಗೆಸಿ, ಮನೆಯ ಹಿರಿಯರ ಕೈಲಿ ಓದಿಸಿ.